ಬಡಗಿಯ ಭಾನುವಾರಗಳು

ಒಂದು ಮಾತೂ ಕೇಳದೆ ಹೆಂಡತಿ ಬಡಗಿಯ ಕೆಲಸದ ಕೋಣೆಯನ್ನು ಕ್ರೈಸ್ತ ಸಭೆಗೆ ಕೊಟ್ಟುಬಿಟ್ಟಿದ್ದಳು. ಆಗ ಸಭೆ ಎಂದರೆ ಹನ್ನೊಂದು ಜನ. ದರ್ಜಿಯ ಮನೆಯ ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರಗಳ ನಡುವೆ, ಮೊಣಕಾಲೂರಲೂ ಜಾಗವಿಲ್ಲದೆ ಪ್ರಾರ್ಥಿಸುತ್ತಿದ್ದವರು.

"ಭಾನುವಾರ ಹೇಗೂ ನೀವು ಬೀಗ ಹಾಕಿರ್ತೀರಲ್ಲ," ಅಂದಳು ಅವಳು. "ಎರಡು ಗಂಟೆ ದೇವರಿಗೆ ಬಿಟ್ಟುಕೊಟ್ರೆ ಏನ್ರೀ ಹೋಗುತ್ತೆ?"

"ಉಳಿ ಹೋಗುತ್ತೆ. ಗರಗಸ ಹೋಗುತ್ತೆ."

"ಅಷ್ಟು ಅನುಮಾನ ಇದ್ರೆ ನೀವೇ ಬಂದು ಕಾವಲು ಕೂತ್ಕೊಳ್ಳಿ."

ಅವನಿಗೆ ದೇವರ ಮೇಲೆ ಸಿಟ್ಟೇನೂ ಇರಲಿಲ್ಲ, ಪರಿಚಯವೂ ಇರಲಿಲ್ಲ. ಆ ಭಾನುವಾರ ಎಲ್ಲರ ಹಿಂದೆ ತನ್ನ ಸಾಮಾನಿನ ಪೆಟ್ಟಿಗೆಯ ಮೇಲೆ ಕೈಕಟ್ಟಿ ಕುಳಿತ. ಉಳಿದವರು ಹಲಗೆಗಳ ಮೇಲೆ ಕುಳಿತಿದ್ದರು. ಸಭಾಪಾಲಕರು ವಾರವಿಡೀ ಕನ್ನಡಕದ ಅಂಗಡಿಯಲ್ಲಿ ದುಡಿದು ಭಾನುವಾರ ಪ್ರಸಂಗ ಮಾಡುತ್ತಿದ್ದವರು. ಅಂದು ಕಣ್ಣಲ್ಲಿ ನೀರು ಬರುವಂತೆ ಮಾತಾಡಿದರು. ಬಡಗಿಗೆ ಕೇಳಿಸಿದ್ದು ಹಲಗೆಗಳ ಕಿರಕಿರ ಮಾತ್ರ. ತಡೆಯಲಾಗದೆ ಮುಂದಿನ ವಾರದೊಳಗೆ ಆರು ಬೆಂಚು ಮಾಡಿಟ್ಟ.

ಬೆಂಚು ಬಂದಮೇಲೆ ಜನ ಹೆಚ್ಚಿದರು. ಪವಿತ್ರಾತ್ಮನ ಕಾರ್ಯ ಎಂದರು ಸಭಾಪಾಲಕರು. ಬೆನ್ನಿಗೆ ಒರಗು ಕೊಟ್ಟದ್ದೂ ಸ್ವಲ್ಪ ಕೆಲಸ ಮಾಡಿರಬೇಕು ಎಂದು ಬಡಗಿಗೆ ಅನಿಸಿತು. ಮಾತಿನ ಭರದಲ್ಲಿ ಗುದ್ದಿ ಗುದ್ದಿ ಸಭಾಪಾಲಕರು ಮೇಜಿನ ಕಾಲು ಸಡಿಲಿಸಿದಾಗ, ಗಟ್ಟಿಮುಟ್ಟಾದ ಪ್ರಸಂಗಪೀಠ ಮಾಡಿಕೊಟ್ಟ. ಅಲ್ಲಿಂದಾಚೆ ಪ್ರಸಂಗ ಅರ್ಧ ಗಂಟೆ ಉದ್ದವಾಯಿತು. ತಾನೇ ಮಾಡಿಕೊಂಡ ಎಡವಟ್ಟಿಗೆ ಯಾರನ್ನು ದೂರುವುದು?

ಹದಿನೈದು ವರ್ಷದಲ್ಲಿ ಇನ್ನೂರು ಜನರಾದರು. ಗೋಡೆ ಒಡೆದು ಹಾಲ್ ಮಾಡಿದರು. ಬಡಗಿ ಪೆಟ್ಟಿಗೆ ಸಮೇತ ಹಿಂಬದಿಯ ತಗಡಿನ ಶೆಡ್ಡಿಗೆ ಸರಿದ. ಹಾಲ್‌ನಲ್ಲಿ ಈಗ ಅವನು ಕಾಯಬೇಕಾದ ಒಂದು ಮೊಳೆಯೂ ಇರಲಿಲ್ಲ. ಆದರೂ ಭಾನುವಾರ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಕೊನೆಯ ಬೆಂಚಿನಲ್ಲಿ ಹಾಜರಾಗುತ್ತಿದ್ದ. ಹೆಂಡತಿ ಯಾಕೆಂದು ಕೇಳಲಿಲ್ಲ. ಕೇಳಿದರೆ ಎಲ್ಲಿ ಬರುವುದನ್ನೇ ಬಿಟ್ಟುಬಿಡುತ್ತಾನೋ ಎಂಬ ಅಂಜಿಕೆ. ಅವಳನ್ನು ಮಣ್ಣು ಮಾಡಿದ ಮರುಭಾನುವಾರವೂ ಅವನು ಬಂದ.

ಸಭೆಗೆ ಐವತ್ತು ವರ್ಷ ತುಂಬಿತು. ಮಹೋತ್ಸವಕ್ಕೆ ಸಭೆಯ ಚರಿತ್ರೆಯ ಪುಸ್ತಕ ತರಬೇಕೆಂದು ಕಮಿಟಿ ತೀರ್ಮಾನಿಸಿತು. ಬರೆಯುವ ಹೊಣೆ ಹೊತ್ತ ನಿವೃತ್ತ ಟೀಚರಮ್ಮ ನೋಟ್‌ಬುಕ್ ಹಿಡಿದು ಶೆಡ್ಡಿಗೆ ಬಂದರು.

"ಕರ್ತನು ನಿಮ್ಮನ್ನು ಹೇಗೆ ಕರೆದ, ಹೇಳಿ ಅಣ್ಣಾ."

"ಕರೀಲಿಲ್ಲಮ್ಮ. ಉಳಿ ಕಾಯೋಕೆ ಕೂತಿದ್ದೆ."

ಎಂಥ ದೀನತೆ ಎಂದು ಕಣ್ಣೊರೆಸಿಕೊಂಡು ಟೀಚರಮ್ಮ 'ಸ್ಥಾಪಕ ಹಿರಿಯರು' ಎಂದು ಬರೆದುಕೊಂಡರು. ಪೇಚಾಟ ಶುರುವಾದದ್ದು ಸಭೆಗೆ ಸೇರುವಾಗ ಅವನಿಗಾದ ದೀಕ್ಷಾಸ್ನಾನದ ತಾರೀಕು ಹುಡುಕಲು ಹಳೆಯ ರಿಜಿಸ್ಟರ್ ತೆಗೆದಾಗ. ಹೆಸರೇ ಇಲ್ಲ! ಅರ್ಧ ಶತಮಾನ ತಪ್ಪದೆ ಬಂದವನು ಸಭೆಯ ಸದಸ್ಯನೇ ಅಲ್ಲ!

ಕಮಿಟಿ ಮೂರು ಸಲ ಸೇರಿತು. ಕೊನೆಗೆ, ಬಡಗಿಯ ಮೊಮ್ಮಗನ ವಯಸ್ಸಿನ ಈಗಿನ ಸಭಾಪಾಲಕರು ಶೆಡ್ಡಿಗೆ ಬಂದು ಸ್ಟೂಲ್ ಎಳೆದು ಕುಳಿತರು.

"ತಾತ, ಶನಿವಾರ ನಾವು ನಾಲ್ಕೇ ಜನ ಇರ್ತೀವಿ. ಐದು ನಿಮಿಷದ ಕೆಲಸ. ದೀಕ್ಷಾಸ್ನಾನ ಆಗಿಬಿಡಲಿ."

"ನನಗೋಸ್ಕರನಾ ಅಯ್ಯನವರೇ, ಪುಸ್ತಕಕ್ಕೋಸ್ಕರನಾ?"

ಸಭಾಪಾಲಕರು ಸತ್ಯವಂತರು. "ಸದ್ಯಕ್ಕೆ ಪುಸ್ತಕಕ್ಕೆ," ಅಂದರು ತಲೆ ತಗ್ಗಿಸಿ.

"ಹಾಗಾದ್ರೆ ಬೇಡ. ನಾನಿನ್ನೂ ಯೋಚನೆ ಮಾಡ್ತಾ ಇದೀನಿ."

"ಐವತ್ತು ವರ್ಷದಿಂದಲಾ?"

"ಒಂದೆರಡು ಸಲ ಹತ್ತಿರ ಬಂದಿತ್ತು. ಅಷ್ಟರಲ್ಲಿ ಯಾರಾದ್ರೂ ಕಿಟಕಿ ರಿಪೇರಿ ಅಂತ ಕರೆದುಬಿಡ್ತಿದ್ರು." ಬಡಗಿ ಕೈಮೇಲಿನ ಮರದ ಹೊಟ್ಟು ಕೊಡವಿದ. "ಜಾಗ ಕೊಟ್ಟೋಳು ನಮ್ಮವಳು. ನನ್ನ ಒಂದ್ಮಾತೂ ಕೇಳಿರಲಿಲ್ಲ. ಅವಳ ಫೋಟೋ ಹಾಕಿ."

ಕಮಿಟಿಗೆ ಹೋದ ಜೀವ ಬಂದಂತಾಯಿತು. ಪುಸ್ತಕದ ಮೊದಲ ಪುಟದಲ್ಲಿ ಅವಳು ಗಂಭೀರವಾಗಿ ಅಚ್ಚಾದಳು.

ಮಹೋತ್ಸವದ ದಿನ ಬಾಗಿಲಲ್ಲಿ ಬ್ಯಾಡ್ಜ್ ತೊಟ್ಟ ಹೆಂಗಸೊಬ್ಬಳು ನಿಂತಿದ್ದಳು. ಬೇರೊಂದು ಸಭೆಯಿಂದ ಸಹಾಯಕ್ಕೆ ಬಂದವಳು. "ನೀವು ಮೆಂಬರಾ, ಹೊಸಬರಾ?" ಎಂದು ನಗುನಗುತ್ತಾ ಕೇಳಿದಳು.

"ಮೆಂಬರ್ ಅಲ್ಲಮ್ಮ," ಅಂದ ಬಡಗಿ. ಸುಳ್ಳು ಹೇಳುವುದು ಅವನ ಜಾಯಮಾನವಲ್ಲ.

ಅವಳು ಹೊಸಬರ ಚೀಟಿ ಕೊಟ್ಟಳು. 'ನಿಮ್ಮನ್ನು ಕರೆತಂದವರು' ಎಂಬಲ್ಲಿ ಅವನು 'ಹೆಂಡತಿ' ಎಂದು ತುಂಬಿದ. ಹೊಸಬರ ಸಾಲಿನಲ್ಲಿ ಕೂರಿಸಿದರು. ಹೊಸಬರೆಲ್ಲ ಎದ್ದು ನಿಲ್ಲಬೇಕೆಂದು ವೇದಿಕೆಯಿಂದ ಹೇಳಿದಾಗ ಅವನೂ ಎದ್ದ. ಐನೂರು ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಿಂದ ತಿರುಗಿ ನೋಡಿದ ಟೀಚರಮ್ಮ ಬಾಯಿಗೆ ಕೈ ಇಟ್ಟರು; ವೇದಿಕೆಯ ಮೇಲಿದ್ದ ಸಭಾಪಾಲಕರಿಗೆ ಮುಂದಿನ ಮಾತೇ ಮರೆತುಹೋಯಿತು. ಬಡಗಿಗೆ ಮಾತ್ರ ಚಪ್ಪಾಳೆ ಹಿತವೆನಿಸಿತು.

ಪಕ್ಕದಲ್ಲಿದ್ದ ನಿಜವಾದ ಹೊಸಬಳು, ಯಾವುದೋ ಆಸ್ಪತ್ರೆಯ ನರ್ಸ್, ಪಿಸುಗುಟ್ಟಿದಳು: "ಇಲ್ಲಿ ಹೇಗೆ, ಚೆನ್ನಾಗಿರುತ್ತಾ?"

"ಎಲ್ಲಾ ತಲೆಗೆ ಹತ್ತಲ್ಲಮ್ಮ," ಅಂದ ಬಡಗಿ. "ಆದ್ರೆ ನಡುವೆ ಒಂದೊಂದು ಮಾತು ಬರುತ್ತೆ ನೋಡು, ವಾರ ಪೂರ್ತಿ ಬಿಡಲ್ಲ. ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಅದಕ್ಕೇ ಎದ್ದುಹೋಗೋ ಹಾಗಿಲ್ಲ."

ಅವಳು ಬ್ಯಾಗನ್ನು ಕಾಲಬಳಿ ಇಟ್ಟು ಸರಿಯಾಗಿ ಕುಳಿತಳು.