ನಾಲ್ಕನೆಯ ಅಂಚು

ಏನೋ ಮಿನುಗಿತು, ಮಂಚದ ಮೇಲೆ, ಕೌದಿಯ ಮಡಿಕೆಯೊಳಗೆ, ಕಣ್ಣು ಮಿಟುಕಿಸುವುದರಲ್ಲಿ ಮಾಯ — ಮಾತ್ರೆಯ ಮಂಪರಿರಬೇಕು, ಈಗೀಗ ಕಂಡದ್ದೆಲ್ಲ ನಿಜವಲ್ಲ, ಇರಲಿ, ತಂಗಿ ಅಂಗಡಿಯಿಂದ ಬರುವುದರೊಳಗೆ ಒಂದು ತುಂಡು ಕತ್ತರಿಸಿಕೊಂಡುಬಿಡಬೇಕು, ನನ್ನ ಚಿತ್ರದ ಹಲಗೆ ಕಾಯುತ್ತಿದೆ, ಅಂಟಿಸಲು ಮೇಣ ಕರಗಿದೆ, ನನ್ನ ಗಾಯಕ್ಕೆ ಸುತ್ತಿದ್ದ ಬ್ಯಾಂಡೇಜನ್ನೇ ಪ್ಲಾಸ್ಟರಿನಲ್ಲಿ ಅದ್ದಿ ಅಂಟಿಸಿದ್ದಾಗಿದೆ, ಅದರ ಮೇಲೆ ಬೂದಿಬಣ್ಣ, ನಡುವೆ ಒಂದು ಖಾಲಿ ಜಾಗ, ಅಲ್ಲಿಗೆ ಈ ಕೌದಿಯೇ ಆಗಬೇಕು. ಗ್ಯಾಲರಿಯವನು ಬಂದು ನೋಡಿ ತಲೆದೂಗಿದ್ದ, ಮೇಡಂ, ಇದ್ರಲ್ಲಿ ಎಂಥಾ ವಿಶ್ರಾಂತಿ ಇದೆ ನೋಡಿ, ಪುಣ್ಯಾತ್ಮ, ಹಲಗೆಯನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದ. ವಿಶ್ರಾಂತಿಯಂತೆ. ನಮ್ಮ ಮನೆಯ ಹೆಂಗಸರು ದುಡಿದೂ ದುಡಿದೂ ಒಂದೇ ಸಲ ಮಲಗಿದವರು, ಮಲಗಿದ್ದು ಇದೇ ಕೌದಿಯಡಿ, ಎದ್ದವರಿಲ್ಲ, ಹೋದವರು ಉಟ್ಟ ಬಟ್ಟೆಯಿಂದ ಒಂದು ಚೌಕ ಕತ್ತರಿಸಿ ಇದಕ್ಕೆ ಹೊಲಿಯುವುದು ನಮ್ಮ ಮನೆಯ ರೂಢಿ, ಈ ಕಂದು ಚೌಕ ಮುತ್ತಜ್ಜಿ, ಬಿಳಿಯ ಮೇಲೆ ಕಪ್ಪು ಚುಕ್ಕಿ ಅಜ್ಜಿ, ಈ ಹಳದಿ ಅಮ್ಮ, ಮೂಸಿದರೆ ಇನ್ನೂ ಸೋಪಿನ ವಾಸನೆ, ಅಮ್ಮಾ, ನನಗೆ ಹೆದರಿಕೆಯಾಗುತ್ತಿದೆ.

ಹೆದರುವುದಕ್ಕೇನಿದೆ, ಡಾಕ್ಟರು ನಕ್ಕೇ ಹೇಳಿದರಲ್ಲ, ಆಪರೇಷನ್ ಗಾಯ ಚೆನ್ನಾಗಿ ಮಾಯ್ತಿದೆ, ನಿಮಗೀಗ ಬೇಕಾಗಿರೋದು ರೆಸ್ಟ್ ಅಷ್ಟೇ, ಆಮೇಲೆ ತಂಗಿಯನ್ನು ಮಾತ್ರ ಹೊರಗೆ ಕರೆದರು, ಅವಳು ಬಹಳ ಹೊತ್ತಿನ ಮೇಲೆ ಬಂದು ಕಿತ್ತಳೆ ಸುಲಿಯತೊಡಗಿದಳು, ಏನಂದ್ರೇ ಡಾಕ್ಟ್ರು, ಏನಿಲ್ಲಕ್ಕಾ, ಊಟದ ವಿಷಯ, ಖಾರ ಕಡಿಮೆ ಮಾಡ್ಬೇಕಂತೆ — ಸುಲಿದೂ ಸುಲಿದೂ ತೊಳೆಯ ಮೇಲಿನ ನಾರಿನ ಎಳೆಯನ್ನೂ ಬಿಡದೆ ತೆಗೆದಳು. ಪಾಪ, ಕೆಲಸ ಬಾಕಿ ಉಳಿದರೆ ಅವಳಿಗೆ ನಿದ್ದೆ ಬಾರದು, ನಾಳೆಯ ತಿಂಡಿಯ ತಟ್ಟೆ ಇಂದೇ ಜೋಡಿಸಿಡುವವಳು, ಇವಳು ಊರಿಗೆ ಹೊರಡೋ ಹಿಂದಿನ ರಾತ್ರಿನೇ ಚಪ್ಪಲಿ ಮೆಟ್ಟಿ ಕೂರ್ತಾಳೆ ಎಂದು ಅಮ್ಮ ಛೇಡಿಸುತ್ತಿದ್ದಳು. ಕೌದಿಯ ಮಾತೆತ್ತಿದರೆ ಮಾತ್ರ ಸಿಡಿದುಬಿದ್ದಳಲ್ಲ, ಅದನ್ನ ಮುಟ್ಬೇಡ, ಬೇರೆ ಚಿಂದಿ ಸಿಗಲ್ವಾ ನಿನಗೆ, ಸುಮ್ನೆ ಮಲ್ಕೋ. ನನ್ನ ಬಣ್ಣದ ಕೆಲಸದ ಅಂಗಿ ಎಲ್ಲೇ ಎಂದರೂ ಅದೇ ಸಿಡುಕು, ಒಗೆಯೋಕೆ ಹಾಕಿದೀನಿ, ಎಷ್ಟು ದಿನ ಒಗೀತೀಯೇ ಮಾರಾಯ್ತಿ, ಅದಕ್ಕೆ ಅವಳು ನಗಲೂ ಇಲ್ಲ.

ಮತ್ತೆ ಮಿನುಗಿತು. ಮಂಪರಲ್ಲ. ಮಡಿಕೆ ಬಿಡಿಸು, ನಿಧಾನ, ಹೊಲಿಗೆ ಹಾಕಿದ ಹೊಟ್ಟೆ ಎಳೆಯುತ್ತದೆ — ಕಂದು, ಚುಕ್ಕಿ, ಹಳದಿ, ಹಳದಿಯ ಪಕ್ಕದಲ್ಲಿ ಏನಿದು, ನೀಲಿ, ಅಮ್ಮನಾದ ಮೇಲೆ ನಮ್ಮಲ್ಲಿ ಯಾರೂ ಹೋಗಿಲ್ಲವಲ್ಲ, ನೀಲಿಯ ಮೇಲೆ ಇಟ್ಟಿಗೆಬಣ್ಣದ ಕಲೆ, ಈ ಕಲೆ ನನಗೆ ಗೊತ್ತು, ಬಣ್ಣದ ಡಬ್ಬಿ ಮಗುಚಿದ ದಿನ ಎದೆಯ ಮೇಲೆ ಚೆಲ್ಲಿದ್ದು, ಎಷ್ಟು ಉಜ್ಜಿದರೂ ಹೋಗದ್ದು, ನನ್ನ ಅಂಗಿ, ಒಗೆಯಲು ಹೋಗಿಲ್ಲ ಅದು — ಚೊಕ್ಕವಾದ ಹೊಲಿಗೆ, ಅವಳದೇ ಕೈ, ಅಲ್ಲಲ್ಲಿ ಮಾತ್ರ ವಕ್ರ, ಅಳುತ್ತ ಹೊಲಿದಿದ್ದಾಳೆ, ಅಯ್ಯೋ ಹುಡುಗಿ, ಇದನ್ನೂ ಮುಂಚೆಯೇ ಮಾಡಿಟ್ಟುಬಿಟ್ಟೆಯಾ, ನನಗೊಂದು ಮಾತು ಹೇಳದೆ, ನಾನಿನ್ನೂ ಹಲಗೆ ಮುಗಿಸಿಲ್ಲ ಕಣೇ, ಮೇಣ ಹೆಪ್ಪುಗಟ್ಟುತ್ತಿದೆ, ಬೀಗ ತಿರುಗಿದ ಸದ್ದು, ಚೀಲ ಕೆಳಗಿಟ್ಟ ಸದ್ದು, ಅಕ್ಕಾ, ಮಲಗಿದೀಯಾ, ಬೆರಳು ನೀಲಿ ಚೌಕದ ಸುತ್ತ ಸವರುತ್ತದೆ, ಮೂರು ಅಂಚು ಹೊಲಿದಾಗಿದೆ, ನಾಲ್ಕನೆಯದು ತೆರೆದಿದೆ, ಅದರ ತುದಿಗೆ ಚುಚ್ಚಿಟ್ಟ ಸೂಜಿ, ಸೂಜಿಯಲ್ಲಿ ದಾರ, ಅಳೆದಿಟ್ಟಂತೆ ಒಂದೇ ಅಂಚಿಗೆ ಸಾಕಾಗುವಷ್ಟು, ಅಕ್ಕಾ, ಮಿನುಗುತ್ತಿದೆ, ಸೂಜಿ, ಅಕ್ಕಾ, ಸೂಜಿ —