ಕಳ್ಳಗಾಳಿ

ಮಗಳು ಕೀಲಿ ತಿರುಗಿಸಿದ್ದೇ ತಡ, ಗ್ಯಾರೇಜಿನ ಹಳೆಯ ವ್ಯಾನು ಗಡಗಡ ನಡುಗಿತು. ಹಿಂದೆ ಮಲಗಿಸಿದ್ದ ತಾಯಿಯ ಎದೆಯ ಮೇಲಿಂದ ರಬ್ಬರ್ ಪೈಪು ಮೂರನೇ ಸಲ ಉರುಳಿಬಿತ್ತು. ಇಪ್ಪತ್ತೆಂಟು ವರ್ಷ ಗ್ಯಾರೇಜು ನಡೆಸಿದ ಆಕೆ ಅದನ್ನು ಕಿವಿಗಿಟ್ಟುಕೊಂಡೇ ಎಂಜಿನ್ನುಗಳ ಕಾಯಿಲೆ ಕೇಳುತ್ತಿದ್ದಳು. ಮಣ್ಣಿಗೂ ಜೊತೆಗೇ ಹೋಗಲಿ ಎಂದು ಅಪ್ಪ ಇಟ್ಟಿದ್ದರು.

ಮುಂದೆ, ಎಂಜಿನ್ ಕೆಟ್ಟಿದೆಯೆನ್ನುವ ಹಳದಿ ದೀಪ ಉರಿಯುತ್ತಿತ್ತು.

"ಸಾಕು ಬಿಡಮ್ಮ," ಎಂದರು ಚಿಕ್ಕಪ್ಪ. ಪಕ್ಕದ ಬೀದಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ದೊಡ್ಡ ಗ್ಯಾರೇಜು ನಡೆಸುವವರು. "ಶವದ ಗಾಡಿ ಗೇಟ್ ಹತ್ರಾನೇ ನಿಂತಿದೆ. ಇದು ನಡುರಸ್ತೇಲಿ ಕೈಕೊಟ್ರೆ ಮರ್ಯಾದೆ ಹೋಗುತ್ತೆ. ಇದನ್ನ ಸರಿಮಾಡೋದು ಅತ್ತಿಗೆ ಕೈಲೇ ಆಗ್ಲಿಲ್ಲ, ನೀನೇನ್ ಮಾಡ್ತೀಯ?"

ಮಗಳಿಗೆ ಮೈಯೆಲ್ಲ ಉರಿದುಹೋಯಿತು. "ಅಮ್ಮನ ಕೈಲಿ ಆಗ್ಲಿಲ್ಲ ಅನ್ನೋ ಮಾತು ಮೊದ್ಲು ಮಣ್ಣಿಗೆ ಹೋಗ್ಲಿ. ಆಮೇಲೆ ಅಮ್ಮ ಹೋಗ್ತಾಳೆ. ಇದೇ ವ್ಯಾನಲ್ಲಿ."

"ಜನ ಕಾಯ್ತಿದಾರೆ!"

"ಕಾಯ್ಲಿ. ಅಮ್ಮನಿಗೇನೂ ಅವಸರ ಇಲ್ಲ."

ಹಾಗೆಂದು ಬಾನೆಟ್ ಎತ್ತಿದಳು.

*

ನಾಲ್ಕು ತಿಂಗಳ ಹಿಂದೆ ಚಿಕ್ಕಪ್ಪ ಈ ವ್ಯಾನಿಗೆ ಕಂಪ್ಯೂಟರ್ ಜೋಡಿಸಿ, ಸೆನ್ಸರ್ ಕೆಟ್ಟಿದೆಯೆಂದು ಹೊಸದು ಹಾಕಿ ದೀಪ ಆರಿಸಿದ್ದರು. ಮೂರನೇ ದಿನ ದೀಪ ಮತ್ತೆ ಹಾಜರು. ಇನ್ನೊಂದು ಸೆನ್ಸರ್ ಹಾಕಿದರು. ಮತ್ತದೇ ಕತೆ.

"ದೀಪ ಆರ್ಸೋದು ರಿಪೇರಿ ಅಲ್ಲ ಕಣಪ್ಪಾ," ಎಂದಿದ್ದಳು ತಾಯಿ, ಕುರ್ಚಿಯಲ್ಲಿ ಕೂತೇ. ಅಷ್ಟರಲ್ಲಾಗಲೇ ಕಾಯಿಲೆ ಆಕೆಯನ್ನು ಬಗ್ಗಲು ಬಿಡುತ್ತಿರಲಿಲ್ಲ. "ಸೆನ್ಸರ್ ಪಾಪ ನಿಜಾನೇ ಹೇಳ್ತಿದೆ. ಎಲ್ಲೋ ಪೈಪ್ ಒಡೆದು, ಲೆಕ್ಕಕ್ಕೆ ಸಿಗದ ಕಳ್ಳಗಾಳಿ ಎಂಜಿನ್ ಒಳಗೆ ಹೋಗ್ತಿದೆ. ಹಿಂದ್ಗಡೆ ನೋಡು, ಕೈ ಆಡದ ಜಾಗದಲ್ಲಿ."

"ನೋಡ್ದೆ ಅತ್ತಿಗೆ, ಅಲ್ಲೇನೂ ಇಲ್ಲ."

"ಮೇಲಿಂದ ನೋಡಿರ್ತೀಯ."

ನಾಳೆ ತಾನೇ ನೋಡುತ್ತೇನೆಂದಳು ಮಗಳು. ಆಮೇಲಿನ ನಾಳೆಗಳೆಲ್ಲ ಆಸ್ಪತ್ರೆಯ ಪಾಲಾದವು.

*

ಎಂಜಿನ್ ನಡುಗುತ್ತಿರುವಾಗಲೇ ಮಗಳು ಒಂದೊಂದು ಪೈಪಿನ ಮೇಲೂ ಸೋಪಿನ ನೀರು ಚಿಮುಕಿಸಿದಳು. ಒಡೆದ ಕಡೆ ನೀರು ಕೂತು ಗಾಳಿ ತಡೆದರೆ ನಡುಕ ನಿಲ್ಲಬೇಕು. ಮುಂದೆ ಏನೂ ಇಲ್ಲ. ಪಕ್ಕದಲ್ಲೂ ಇಲ್ಲ. ನೆಂಟರಲ್ಲಿ ಯಾರೋ ಗಡಿಯಾರ ನೋಡಿಕೊಂಡರು. ಅವಳು ಎಂಜಿನ್ನಿನ ಹಿಂದಕ್ಕೆ ತೋಳು ತೂರಿಸಿ, ಕೆಳಗಿನಿಂದ ಮೇಲಕ್ಕೆ ನೀರು ಹಾರಿಸಿದಳು. ನಡುಕ ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.

"ಸಿಕ್ದ ಕಳ್ಳ!"

ಎಂಜಿನ್ ಆರಿಸಿ ಆ ಪೈಪನ್ನು ಕಿತ್ತು ಚಿಕ್ಕಪ್ಪನ ಅಂಗೈಗೆ ಹಾಕಿದಳು. ಮೇಲ್ಭಾಗ ಹೊಸದರಂತಿತ್ತು. ತಿರುಗಿಸಿದರೆ ಬೆರಳುದ್ದದ ಸೀಳು. ಚಿಕ್ಕಪ್ಪ ಸೀಳಿನುದ್ದಕ್ಕೂ ಬೆರಳಾಡಿಸಿದರು.

"ಬೇರೆ ಪೈಪ್ ಎಲ್ಲಿ ತರ್ತೀಯ?" ಎಂದರು. "ಅತ್ತಿಗೆಗೋಸ್ಕರ ಬೀದಿ ಪೂರ್ತಿ ಬಾಗಿಲು ಹಾಕಿದೆ."

ಇಬ್ಬರ ಗ್ಯಾರೇಜಿನಲ್ಲೂ ಆ ಅಳತೆಯದು ಇರಲಿಲ್ಲ. ಮಗಳು ಅಪ್ಪನ ಮುಖ ನೋಡಿದಳು. ಅವರಿಗೆ ಅರ್ಥವಾಯಿತು. ಹೆಂಡತಿಯ ಎದೆಯ ಮೇಲಿಂದ ಬಿದ್ದಿದ್ದ ಪೈಪನ್ನು ಎತ್ತಿ, ಎರಡೂ ತುದಿ ಬಿಗಿಯಾಗಿ ಹಿಡಿದರು.

"ಕತ್ತರ್ಸು," ಎಂದರು. "ಅವಳೇ ಆಗಿದ್ರೆ ಇಷ್ಟೊತ್ತಿಗೆ ಕತ್ತರ್ಸಿ ಆಗಿರ್ತಿತ್ತು."

ಒಂದು ಗೇಣು ಕತ್ತರಿಸಿ ಜೋಡಿಸಿದಳು. ಉಳಿದದ್ದನ್ನು ಅಪ್ಪ ಮತ್ತೆ ಎದೆಯ ಮೇಲಿಟ್ಟರು. ಕೀಲಿ ತಿರುಗಿಸಿದಳು.

"ದೀಪ ಇನ್ನೂ ಉರೀತಿದೆ," ಎಂದರು ಚಿಕ್ಕಪ್ಪ ಮೆಲ್ಲಗೆ. "ಕಂಪ್ಯೂಟರ್ ತರ್ಲಾ?"

"ಬೇಡ ಚಿಕ್ಕಪ್ಪ. ನಾಲ್ಕು ದಿನ ಓಡಿದ್ರೆ ತಾನಾಗೇ ಆರುತ್ತೆ. ಹತ್ತಿ."

ಬಾಡಿಗೆಯ ಶವದ ಗಾಡಿ ಖಾಲಿಯಾಗಿಯೇ ಹಿಂದೆ ಬಂತು. ಮೊದಲ ಸಿಗ್ನಲ್ಲಿನಲ್ಲಿ ವ್ಯಾನು ನಿಂತಾಗ ಚಿಕ್ಕಪ್ಪ ಹಿಂತಿರುಗಿ ನೋಡಿದರು. ಎಂಜಿನ್ ಓಡುತ್ತಿತ್ತು. ಅತ್ತಿಗೆಯ ಎದೆಯ ಮೇಲೆ, ಒಂದು ಗೇಣು ಕಡಿಮೆಯಾದ ಪೈಪು ಅಲುಗದೆ ಮಲಗಿತ್ತು.