ನಡೆಯದ ಪಾಠಗಳ ತಾರೀಕು

"ಆ ಕಟ್ಟು ಎಲ್ಲಿಟ್ಟಿದ್ದಾರಮ್ಮಾ?" ಹೆಡ್‌ಮಾಸ್ಟರು ಹೆಣದ ಕಾಲ ಬಳಿ ಹಾರ ಇಡುತ್ತಲೇ ಪಿಸುಗುಟ್ಟಿದರು.

ಮಗಳಿಗೆ ಅರ್ಥವಾಗಲಿಲ್ಲ. ಬೆಳಗಿನಿಂದ ಬಂದವರಿಗೆಲ್ಲ ಕುರ್ಚಿ ಹಾಕಿ, ಅಮ್ಮ ಹೇಗೆ ಹೋದಳೆಂದು ಇಪ್ಪತ್ತು ಸಲ ಹೇಳಿ ಅವಳ ಗಂಟಲು ಒಣಗಿತ್ತು.

"ಯಾವ ಕಟ್ಟು ಸಾರ್?"

"ಒಂಬತ್ತನೇ ಕ್ಲಾಸಿನ ಉತ್ತರಪತ್ರಿಕೆ. ಇತಿಹಾಸ, ಪೌರನೀತಿದು. ನಾಳಿದ್ದು ಇನ್‌ಸ್ಪೆಕ್ಷನ್ ಇದೆ. ಬೇರೆಯವರ ಕೈಲಿ ತಿದ್ದಿಸಿ ಎಲ್ಲರಿಗೂ ಪಾಸ್ ಮಾರ್ಕ್ಸ್ ಹಾಕಿಸ್ಬೇಕು. ಪಾಪ, ಮೇಡಂಗೆ ಕೊನೆಕೊನೆಗೆ ತಲೆ ಸರಿ ಇರಲಿಲ್ಲ ನೋಡಿ."

ಮೂವತ್ತೊಂದು ವರ್ಷ ಅದೇ ಸರ್ಕಾರಿ ಶಾಲೆಯಲ್ಲಿ ಸೀಮೆಸುಣ್ಣ ಸವೆಸಿದವಳ ಹೆಣದ ಮುಂದೆ ನಿಂತು ಆಡುವ ಮಾತೇ ಇದು! ಆ ಮನುಷ್ಯನಿಗೆ ನಾಚಿಕೆಯೂ ಆಗಲಿಲ್ಲ.

"ಏನಂತೆ ಅವನಿಗೆ?" ಕಿವಿ ಮಂದವಾದ ಎದುರುಮನೆ ಅಜ್ಜಿ ಜೋರಾಗಿಯೇ ಕೇಳಿದಳು.

"ಅಮ್ಮಂಗೆ ತಲೆ ಸರಿ ಇರಲಿಲ್ಲವಂತೆ."

"ಅವನ ಬಾಯಿಗೆ ಮಣ್ಣು ಹಾಕ! ಮೊನ್ನೆ ತಾನೇ ನನ್ನ ಪಿಂಚಣಿ ಅರ್ಜಿ ಬರ್ಕೊಟ್ಟಿದ್ದಾಳೆ, ಒಂದಕ್ಷರ ತಪ್ಪಿಲ್ದೆ!"

*

ಹೋದ ಭಾನುವಾರ ಅಮ್ಮ ಊಟದ ಮೇಜಿನ ತುಂಬ ಪತ್ರಿಕೆ ಹರವಿಕೊಂಡು ಕೂತಿದ್ದಳು.

"ಕೇಳಿಲ್ಲಿ. ಕಾನೂನು ಮಾಡುವವರು ಯಾರು? 'ಪೊಲೀಸರು.' ದೇಶ ಸ್ವತಂತ್ರವಾದಾಗ ಏನಾಯಿತು? 'ಶಾಲೆಗೆ ರಜೆ ಕೊಟ್ಟರು.'"

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಮ್ಮ ನಗಲಿಲ್ಲ.

"ನಗಬೇಡ. ಮಕ್ಕಳು ದಡ್ಡರಲ್ಲ. ನಾನು ಹೇಳ್ಕೊಟ್ಟಿದ್ದನ್ನ ಒಂದೂ ಬಿಡದೆ ಬರ್ದಿದ್ದಾರೆ. ಹೇಳ್ಕೊಡದೇ ಇದ್ದದ್ದನ್ನ ಎಲ್ಲಿಂದ ತರ್ತಾರೆ?"

ವಾರಕ್ಕೆ ನಾಲ್ಕಿದ್ದ ಅವಳ ಪೀರಿಯಡ್ಡುಗಳಲ್ಲಿ ಮೂರನ್ನು ಹೆಡ್‌ಮಾಸ್ಟರು ಗಣಿತಕ್ಕೆ ಕಿತ್ತುಕೊಟ್ಟಿದ್ದರು. "ಇತಿಹಾಸ ಮನೇಲಿ ಓದ್ಕೋತಾರೆ ಬಿಡಿ ಮೇಡಂ" ಅಂದಿದ್ದರಂತೆ. ಹಾಗೆ ಕಳೆದುಹೋದ ಒಂದೊಂದು ಪೀರಿಯಡ್ಡನ್ನೂ ಅಮ್ಮ ಡೈರಿಯಲ್ಲಿ ಬರೆದಿಟ್ಟಿದ್ದಳು. ಈಗ ತಪ್ಪು ಉತ್ತರ ಸಿಕ್ಕಾಗಲೆಲ್ಲ ಡೈರಿ ತಿರುವಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದಳು: 'ಜುಲೈ ೧೨. ಈ ಪಾಠ ನಡೆದಿಲ್ಲ.' ಕೆಳಗೆ ಸಹಿ.

"ಯಾಕಮ್ಮ ಹೆಡ್‌ಮಾಸ್ಟರನ್ನ ಎದುರು ಹಾಕ್ಕೊಳ್ತೀಯ? ರಿಟೈರಾಗೋಕೆ ಎಂಟೇ ತಿಂಗಳು."

"ಧರ್ಮಕ್ಕೆ ಮಾರ್ಕ್ಸ್ ಹಾಕಿದ್ರೆ ತಮಗೇನು ತಪ್ಪಿಹೋಯ್ತು ಅಂತ್ಲೇ ಇವಕ್ಕೆ ಗೊತ್ತಾಗಲ್ಲ ಕಣೇ. ಗೊತ್ತಾಗ್ಬೇಕು."

ರಾತ್ರಿ ಊಟದ ಹೊತ್ತಿಗೆ ನಲವತ್ತೊಂದು ಪತ್ರಿಕೆಯೂ ಮುಗಿದಿತ್ತು. ಬುಧವಾರ ಸ್ಟಾಫ್‌ರೂಮಿನಲ್ಲಿ ಎದೆ ಹಿಡಿದುಕೊಂಡು ಕುಸಿದವಳು ಮತ್ತೆ ಏಳಲಿಲ್ಲ.

*

"ಅದು ಸ್ಕೂಲಿನ ಆಸ್ತಿಯಮ್ಮ. ಮನೇಲಿಟ್ಕೊಳ್ಳೋ ಹಾಗಿಲ್ಲ," ಹೆಡ್‌ಮಾಸ್ಟರ ದನಿ ಗಡುಸಾಯಿತು.

ಮಗಳು ಗೇಟಿನ ಕಡೆ ನೋಡಿದಳು. ಒಂಬತ್ತನೇ ಕ್ಲಾಸಿನವರು ಯೂನಿಫಾರ್ಮಿನಲ್ಲಿ ಸಾಲಾಗಿ ನಿಂತಿದ್ದರು. ಫೋಟೋಗೆ ಇರಲಿ ಎಂದು ಹೆಡ್‌ಮಾಸ್ಟರೇ ಕರೆತಂದಿದ್ದರು. ಅವಳು ಒಳಗೆ ಹೋಗಿ ಕಟ್ಟು ತಂದಳು. ಅವರು ಕೈಚಾಚಿದರು. ಅವಳು ಅವರನ್ನು ದಾಟಿಕೊಂಡು ಗೇಟಿಗೆ ನಡೆದಳು.

"ಏನ್ ಮಾಡ್ತಿದ್ದೀರಿ?"

"ತಿದ್ದಿದ ಪತ್ರಿಕೆ ಮಕ್ಕಳಿಗೆ ತೋರಿಸಬೇಕು ಅನ್ನೋದೂ ಸ್ಕೂಲಿನ ನಿಯಮವೇ ಸಾರ್."

"ಹೆಣ ಇಟ್ಕೊಂಡು ಇದೆಲ್ಲ ಬೇಕಾ?"

"ಶುರು ಮಾಡಿದ್ದು ಯಾರು?"

ಅವಳು ಬಸ್ ಕಂಡಕ್ಟರು. ಕಿಕ್ಕಿರಿದ ಬಸ್ಸಿನಲ್ಲಿ ನಿಲ್ದಾಣ ಕೂಗುವ ದನಿಯಲ್ಲೇ ರೋಲ್ ನಂಬರ್ ಕೂಗತೊಡಗಿದಳು. ಐದನೇ ನಂಬರ್ ಕೂಗುವಾಗ ಅವಳಿಗೆ ಅಳು ಬಂತು. ಅಳುತ್ತಲೇ ಕೂಗಿದಳು. ಕಟ್ಟು ಖಾಲಿಯಾದ ಮೇಲೆ ಅಮ್ಮನನ್ನು ಎತ್ತಲು ಹೇಳಿದಳು.

ಶವದ ಗಾಡಿ ನಿಧಾನವಾಗಿ ಹೊರಟಿತು. ಹಿಂದೆ ಹೆಡ್‌ಮಾಸ್ಟರು, ಅವರ ಹಿಂದೆ ಮಕ್ಕಳು ಪತ್ರಿಕೆ ಓದಿಕೊಂಡೇ ನಡೆದರು. ಬೀದಿಯ ತಿರುವಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಓಡಿಬಂದು ಹೆಡ್‌ಮಾಸ್ಟರ ಪಕ್ಕ ಸೇರಿ, ಕೆಂಪು ಶಾಯಿಯ ಮೇಲೆ ಬೆರಳಿಟ್ಟಳು.

"ಸಾರ್, ಆಗಸ್ಟ್ ಮೂರಕ್ಕೆ ನಮಗೆ ಏನು ಪಾಠ ಆಗ್ಬೇಕಿತ್ತು?"

ಅವರು ಹೆಜ್ಜೆ ಜೋರು ಮಾಡಿದರು. ಮುಂದೆ ಗಾಡಿ ಅಡ್ಡವಿತ್ತು. ಹಿಂದಿನಿಂದ ಉಳಿದ ನಲವತ್ತೂ ಮಕ್ಕಳು ಪತ್ರಿಕೆ ಹಿಡಿದು ಅವರ ಸುತ್ತ ಸೇರುತ್ತಿದ್ದರು.